ಥ್ರೇಸ್ ದೇಶದ ಸೂರ್ಯಾರಾಧನೆ

ಇಂದಿನ ಬಲ್ಗೇರಿಯವನ್ನೂ, ಗ್ರೀಸ್ ಮತ್ತು ತುರ್ಕಿ ದೇಶಗಳ ಕೆಲವು ಭಾಗಗಳನ್ನೂ ಒಳಗೊಂಡ ಭೂಪ್ರದೇಶಕ್ಕೆ ಪೂರ್ವದಲ್ಲಿ ಥ್ರೇಸ್ ಎಂದು ಹೆಸರಿದ್ದಿತು. ಭಾರತೀಯರನ್ನು ಬಿಟ್ಟರೆ ಥ್ರೇಸಿಯನರೇ ಲೋಕದಲ್ಲಿ ಅತ್ಯಧಿಕ ಸಂಖ್ಯೆಯ ಜನಾಂಗವೆಂದು ಕ್ರಿ. ಪೂ. 5ನೆಯ ಶತಮಾನದ ಗ್ರೀಕ್ ಚರಿತ್ರಕಾರನಾದ ಹೆರೊಡೋಟಸನು ಬರೆದಿರುವನು. ಆದರೆ ಈ ಜನರು ತಮ್ಮ ಮತಧರ್ಮವನ್ನು ಕುರಿತು ಒಂದು ಗ್ರಂಥವನ್ನೂ ಉಳಿಸಿಹೋಗಲಿಲ್ಲ. ಆದುದರಿಂದ ಅವರ ಸೂರ್ಯಾರಾಧನೆಯ ಸ್ವರೂಪವನ್ನು ಪರರ ಬರೆಹಗಳಿಂದಲೂ ಹರಕೆಯ ಶಿಲ್ಪಗಳಿಂದಲೂ ಊಹಿಸಬೇಕಾಗಿದೆ.

ಸೊಫೊಕ್ಲೀಸನ ‘ಟೀರಿಯಸ್’ ಎಂಬ ಲುಪ್ತನಾಟಕದ ಉಳಿದ ತುಣುಕೊಂದರಿಂದ, ಥ್ರೇಸಿಯನರಿಗೆ ಸೂರ್ಯನು ಪೂಜ್ಯನಾಗಿದ್ದನೆಂದು ತಿಳಿದುಬರುತ್ತದೆ. ಈಸ್ಕಿಲಸನ ‘ಬಸ್ಸರಿಡೆಸ್’ ಎಂಬ ನಾಟಕವೂ ಲುಪ್ತವಾಗಿದೆ. ಅದರ ಕಥೆಯನ್ನು ಮಾತ್ರ ಮುಂದಿನವರು ಹೇಳಿರುವರು. ಗಾಯಕನಾದ ಆರ್ಫಿಯಸನು ಡಯೋನೈಸಸ್ ದೇವನನ್ನು ಕಡೆಗಣಿಸಿ, ಸೂರ್ಯನೇ ದೇವತೆಗಳಲ್ಲಿ ಶ್ರೇಷ್ಠನೆಂದು ಬಗೆದು, ಇರುಳಿನಲ್ಲೆದ್ದು ಪಂಗಾಯನ್ ಪರ್ವತವನ್ನೇರಿ ಉದಯವನ್ನು ಕಾಯುತ್ತಿದ್ದನು. ಕುಪಿತನಾದ ಡಯೋನೈಸಸನು ತನ್ನ ಭಕ್ತೆಯರಿಂದ ಅವನನ್ನು ಸೀಳಿಸಿದನು. ಇಲ್ಲಿ ದೇವರಿಬ್ಬರೂ ಪ್ರತಿಸ್ಪರ್ಧಿಗಳು. ರೋಮನ್ ಲೇಖಕನಾದ ಮ್ಯಾಕ್ರೋಬಿಯಸನಾದರೋ ಥ್ರೇಸಿನಲ್ಲಿ ಇಬ್ಬರನ್ನೂ ಒಬ್ಬನೆಂದೇ ಎಣಿಸುತ್ತಿದ್ದರೆಂದೂ, ಜಿಲ್ಮಿಸಸ್ ಎಂಬ ಗುಡ್ಡದ ಮೇಲೆ ಆ ದೇವನಿಗೆ ದುಂಡಾದ ಗುಡಿಯಿದ್ದು, ಅದರ ಮಾಡಿನ ನಡುವೆ ಬೆಳಕಂಡಿಯಿದ್ದಿತೆಂದೂ ಹೇಳುವನು. ಸಕಲ ದೇವತೆಗಳೂ ಸೂರ್ಯನ ರೂಪಗಳೇ ಎಂದು ಸಾಧಿಸುವ ಸಂದರ್ಭದಲ್ಲಿ ಬಂದ ಮಾತಿದು. ಆದ್ದರಿಂದ ಗುಡಿಯ ವರ್ಣನೆಗೆ ಸಲ್ಲುವಷ್ಟು ಬೆಲೆ ಅದರ ವ್ಯಾಖ್ಯಾನಕ್ಕೆ ಸಲ್ಲದು. ರೋಮನರ ಆಳಿಕೆಯ ಕಾಲದ ಅಶ್ವಾರೋಹಿ ದೇವನ ಶಿಲೆಗಳಲ್ಲಿ ಕೆಲವು ಆತನನ್ನು ಅಪೊಲೊ ಎನ್ನುವುವು. ಮತ್ತೆ ಕೆಲವು ವೈದ್ಯದೇವನಾದ ಅಸ್ಕ್ಲೀಪಿಯಸನೆನ್ನುವುವು. ಆತನು ಸೂರ್ಯನೇ ಎಂದು ಇವುಗಳಿಂದ ನಿರ್ಣಯಿಸಲಾಗದು.

ಇನ್ನು ಜನಪದ ಸಂಪ್ರದಾಯ. ಬಲ್ಗೇರಿಯದಲ್ಲಿ ಜೂನ್ 24ರ ಎನ್ಯೊವ್ದೆನ್ ಹಬ್ಬದಂದು ಉದಯಸೂರ್ಯನು ಆಡುವನೆಂದು ನಂಬಿಕೆಯುಂಟು. ಜನರು ಎತ್ತರದ ಸ್ಥಳವನ್ನೇರಿ ಅದನ್ನು ನೋಡುವರು, ಮೂಲಿಕೆಗಳನ್ನು ಕೊಯ್ಯುವರು. ಸೂರ್ಯನು ಹಳ್ಳಿಯ ಕನ್ಯೆಯೊಬ್ಬಳನ್ನು ಮೋಹಿಸಿ, ಉಯ್ಯಾಲೆಯನ್ನಿಳಿಯಬಿಟ್ಟು ಆಕಾಶಕ್ಕೊಯ್ದ ಕಥೆ ಅಲ್ಲಿಯ ಹಾಡುಗಳಲ್ಲಿದೆ. ಸ್ಟ್ರಾಂಜ ಬೆಟ್ಟಸೀಮೆಯ ಬಲ್ಗರಿ ಎಂಬ ಹಳ್ಳಿಯಲ್ಲಿ ಜೂನ್ 3ರಂದು ಸಂತ ಕಾನ್‌ಸ್ಟಂಟೈನ್ ಮತ್ತು ಹೆಲೆನರ ಉತ್ಸವ ನಡೆಯುವುದು. ಆಗ ಭಕ್ತರು ಬರಿಗಾಲಿನಲ್ಲಿ ಕೆಂಡದ ಮೇಲೆ ಕುಣಿಯುವರು. 2009ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಆಚರಣೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವೆಲ್ಲವೂ ಥ್ರೇಸಿಯನರ ಸೂರ್ಯಾರಾಧನೆಯ ಅವಶೇಷಗಳೆಂಬ ಮತವುಂಟು. ಆದರೆ 6–7ನೆಯ ಶತಮಾನಗಳಲ್ಲಿ ಸ್ಲಾವ್ ಜನರು ಆ ನೆಲಕ್ಕೆ ಬಂದು ನೆಲಸಿದರು. 9ನೆಯ ಶತಮಾನದಲ್ಲಿ ಬಲ್ಗೇರಿಯವು ಕ್ರೈಸ್ತಮತವನ್ನು ಸ್ವೀಕರಿಸಿತು. ಕೆಂಡದ ಕುಣಿತದ ವಿವರವಾದ ವರ್ಣನೆಗಳು ದೊರೆಯುವುದು 19ನೆಯ ಶತಮಾನದಿಂದೀಚೆಗೆ. ಹಬ್ಬದ ಸೂರ್ಯನು ಕುಣಿಯುವನೆಂಬ ನಂಬಿಕೆಯು ಯೂರೋಪಿನ ಇತರ ಜನರಲ್ಲಿಯೂ ಉಂಟು. ಕೊಂಡ ಹಾಯುವುದು ಕನ್ನಡನಾಡಿನ ಜಾತ್ರೆಗಳಲ್ಲಿಯೂ ಕಾಣುವ ಆಚಾರ. ಅದಕ್ಕೆ ಥ್ರೇಸಿನ ಮೂಲವನ್ನು ಯಾರೂ ಹುಡುಕರು. ಆದುದರಿಂದ ಸಾದೃಶ್ಯಮಾತ್ರದಿಂದ ಪರಂಪರೆಯು ಸಿದ್ಧವಾಗದು. ಪಂಗಾಯನ್ ಶಿಖರದ ಆರ್ಫಿಯಸನಿಗೂ ಎನ್ಯೊವ್ದೆನ್ ಹಬ್ಬದ ಹಳ್ಳಿಗರಿಗೂ ಉದಯದ ನಿರೀಕ್ಷೆಯು ಸಮಾನವೆಂಬುದು ದಿಟ. ಆದರೆ ನಡುವಣ ಶತಮಾನಗಳ ಸಾಕ್ಷ್ಯವು ದೊರೆಯುವವರೆಗೆ ಒಂದನ್ನು ಮತ್ತೊಂದರ ಸಂತತಿಯೆಂದು ಹೇಳುವುದು ಯುಕ್ತವಲ್ಲ.