ಪಾದಕ್ಕೆ ಅಳತೆ ತೆಗೆದರು ಸರಿ, ಶೂಗೆ ತೆಗೆದವರು ಯಾರು?

ನಿಮಿಷಕ್ಕೆ 85 ಸುತ್ತಿನ ಲೆಕ್ಕದಲ್ಲಿ ಸೈಕಲ್ ತುಳಿದರೆ, ಒಂದೊಂದು ಕಾಲೂ ಗಂಟೆಗೆ 5,100 ಸಲ ಪೆಡಲ್ ಒತ್ತುತ್ತೆ. ನಡೆಯುವಾಗ ಯಾವ ಎರಡು ಹೆಜ್ಜೆಯೂ ಒಂದೇ ಥರ ಇರಲ್ಲ. ರಸ್ತೆ ಏರುತ್ತೆ, ಇಳಿಯುತ್ತೆ, ಪಾದ ಕೊಂಚ ಆಚೀಚೆ ತಿರುಗುತ್ತೆ. ಆದರೆ ಕ್ಲೀಟ್ ಇರುವ ಶೂ ಹಾಕಿ ಪೆಡಲಿಗೆ ಸಿಕ್ಕಿಸಿಕೊಂಡ ಮೇಲೆ ಪಾದಕ್ಕೆ ಆ ಸ್ವಾತಂತ್ರ್ಯ ಇಲ್ಲ. 5,100 ಸಲವೂ ಹೆಚ್ಚುಕಮ್ಮಿ ಅದೇ ಜಾಗ, ಅದೇ ಕೋನ. ಆ ಜಾಗದಲ್ಲಿ ಎರಡು ಮಿಲಿಮೀಟರ್ ತಪ್ಪಿದ್ದರೆ ತಪ್ಪು ಕೂಡ 5,100 ಸಲ.

ನಾನು ಈ ಲೆಕ್ಕಕ್ಕೆ ಇಳಿದಿದ್ದು ಹಟ್ಟಿಕೇರಿ ಕಡೆಯ ರಸ್ತೆಯಿಂದಾಗಿ. ಕಾರವಾರ ಮತ್ತು ಅಂಕೋಲಾ ನಡುವಿನ ರಾಷ್ಟ್ರೀಯ ಹೆದ್ದಾರಿ 66 ನನ್ನ ವಾರಾಂತ್ಯದ ದಾರಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲಗಾಳಿ, ಮಧ್ಯೆ ಹಟ್ಟಿಕೇರಿ ಟೋಲ್. (ಸೈಕಲ್ಲಿಗೆ ಟೋಲ್ ಇಲ್ಲ. ಈ ಹೆದ್ದಾರಿಯಲ್ಲಿ ನಮಗೆ ಸಿಕ್ಕಿರುವ ಏಕೈಕ ಸೌಲಭ್ಯ ಅದು.) ನನ್ನ ಪಾದದ ಕಮಾನು ಚಪ್ಪಟೆ. ಹಾಗಾಗಿ ದೊಡ್ಡ ಊರೊಂದರ ಕ್ಲಿನಿಕ್‌ನಲ್ಲಿ ಪಾದ ಸ್ಕ್ಯಾನ್ ಮಾಡಿಸಿ, ಒಂದು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು ಕೊಟ್ಟು ಆರ್ಥೋಟಿಕ್ ಇನ್‌ಸೋಲ್ ಮಾಡಿಸಿದೆ. ಶೂ ಒಳಗೆ ಇಟ್ಟುಕೊಳ್ಳುವ, ನಿಮ್ಮ ಅಂಗಾಲಿನ ಆಕಾರಕ್ಕೇ ತಯಾರಾದ ಅಟ್ಟೆ ಅದು. ಸೈಕಲ್ ಶೂಗೆ ಅಂತ ಹೇಳಿಯೇ ಮಾಡಿಸಿದ್ದು. ಹಾಕಿಕೊಂಡು ಹೊರಟರೆ ಅರ್ಧ ಗಂಟೆಗೆ ಬೆರಳುಗಳಿಗೆ ಜೋಮು, ಒಂದು ಗಂಟೆಗೆ ಬೆರಳುಬುಡದಲ್ಲಿ ಕೆಂಡ ಇಟ್ಟ ಹಾಗೆ ಉರಿ. ಫೋನ್ ಮಾಡಿದರೆ ಸಿಕ್ಕ ಉತ್ತರ: "ಎರಡು ವಾರ ಹಾಕ್ಕೊಳ್ಳಿ ಸರ್, ಪಾದ ಹೊಂದಿಕೊಳ್ಳುತ್ತೆ."

ಹೊಂದಿಕೊಳ್ಳಲ್ಲ. ಯಾಕೆ ಅಂತ ನೋಡೋಣ.

ನಡಿಗೆಗೆ ಮಾಡುವ ಆರ್ಥೋಟಿಕ್‌ನ ತರ್ಕ ಶುರುವಾಗೋದು ಹಿಮ್ಮಡಿಯಿಂದ. ನಡೆಯುವಾಗ ನೆಲಕ್ಕೆ ಮೊದಲು ಬಡಿಯೋದು ಹಿಮ್ಮಡಿ. ಅದಕ್ಕೇ ಅಲ್ಲಿ ಬಟ್ಟಲಿನಂಥ ಗುಂಡಿ, ಅದರ ಕೆಳಗೆ ಸ್ಥಿರವಾಗಿ ಕೂರಲಿ ಅಂತ ದಪ್ಪ ಕಟ್ಟೆ. ಸೈಕಲ್ ಮೇಲೆ ಹಿಮ್ಮಡಿಗೆ ಹೆಚ್ಚಿನ ಕೆಲಸವೇ ಇಲ್ಲ. ಬಲವೆಲ್ಲ ಹೋಗೋದು ಬೆರಳುಬುಡದ ಮೂಳೆಗಳ ಮೂಲಕ ಪೆಡಲಿನ ಅಕ್ಷಕ್ಕೆ. ಅಂದರೆ ಕ್ಲಿನಿಕ್‌ನವರು ಬಹಳ ಶ್ರದ್ಧೆಯಿಂದ ರೂಪಿಸಿದ ಭಾಗ ಸೈಕಲ್‌ನಲ್ಲಿ ಸುಮ್ಮನೆ ಕೂತಿರುತ್ತೆ. ಕೂತರೂ ಪರವಾಗಿಲ್ಲ, ಆದರೆ ಅದು ಜಾಗ ತಿನ್ನುತ್ತೆ. ಸೈಕಲ್ ಶೂ ಒಳಗೆ ಇಲ್ಲದೇ ಇರೋದು ಜಾಗವೇ.

ಓಡುವ ಶೂ ಬಟ್ಟೆಯದ್ದು, ಹಿಗ್ಗುತ್ತೆ, ಅಟ್ಟೆ ಬಾಗುತ್ತೆ. ಸೈಕಲ್ ಶೂನ ಅಟ್ಟೆ ಕಾರ್ಬನ್ ಅಥವಾ ಗಟ್ಟಿ ನೈಲಾನ್. ಬಾಗಬಾರದು ಅಂತಲೇ ಮಾಡಿದ್ದು, ಬಾಗಿದರೆ ತುಳಿದ ಶಕ್ತಿ ವ್ಯರ್ಥ. ಹಿಮ್ಮಡಿ ಎತ್ತರಿಸಿಕೊಂಡರೆ ಪಾದ ಮುಂದಕ್ಕೆ ಜಾರುತ್ತೆ, ಪಾದದ ಮೇಲ್ಭಾಗ ಪಟ್ಟಿಗೆ ಒತ್ತುತ್ತೆ, ಬೆರಳುಬುಡ ಎರಡೂ ಪಕ್ಕದಿಂದ ಹಿಸುಕಿಕೊಳ್ಳುತ್ತೆ. ಅಲ್ಲಿ ಮೂಳೆಗಳ ನಡುವೆ ಹಾದುಹೋಗುವ ನರಗಳಿವೆ. ಮೂರನೇ ಮತ್ತು ನಾಲ್ಕನೇ ಬೆರಳ ಮಧ್ಯದ ನರ ಇದಕ್ಕೆ ಕುಖ್ಯಾತ. ಜೋಮು ಅಂದರೆ ಆ ನರದ ದೂರು. ತಿಂಗಳುಗಟ್ಟಲೆ ದೂರು ಕೇಳಿಸಿಕೊಳ್ಳದೇ ಇದ್ದರೆ ನರದ ಸುತ್ತಲಿನ ಅಂಗಾಂಶ ದಪ್ಪಗಾಗಿ, ಮಾರ್ಟನ್ಸ್ ನ್ಯೂರೋಮಾ ಅನ್ನುವ ಶಾಶ್ವತ ತಲೆನೋವಾಗಬಹುದು. (ಕಾಲುನೋವು ಅನ್ನಬೇಕೇನೋ.)

ಇನ್ನೊಂದು ಸಂಗತಿ ಕಣ್ಣಿಗೇ ಬೀಳಲ್ಲ. ಆರ್ಥೋಟಿಕ್‌ನ ಮೇಲ್ಮೈ ನಿಮ್ಮ ಪಾದದ ನಕಲು. ಸರಿ, ಅಡಿಭಾಗ ಯಾವುದರ ನಕಲು? ಕ್ಲಿನಿಕ್‌ನಲ್ಲಿ ಅದನ್ನು ಇಟ್ಟು ನೋಡೋದು ಸಪಾಟಾದ ಮೇಜಿನ ಮೇಲೆ. ಸೈಕಲ್ ಶೂನ ಒಳನೆಲ ಸಪಾಟಲ್ಲ. ಮಧ್ಯದಲ್ಲಿ ಕಿರಿದು, ಮುಂದೆ ಬೆರಳ ಕಡೆ ಮೇಲಕ್ಕೆ ಬಾಗಿರುತ್ತೆ, ಅಂಚುಗಳಲ್ಲಿ ದೋಣಿಯ ಒಡಲಿನ ಹಾಗೆ ಏರಿರುತ್ತೆ. ಸಪಾಟು ಮೇಜಿಗೆ ಹೊಂದುವ ಗಟ್ಟಿ ಪ್ಲಾಸ್ಟಿಕ್ಕನ್ನು ಅದರೊಳಗೆ ಇಟ್ಟರೆ ಅಂಚಿಗೆ ತಾಗಿ ನಿಲ್ಲುತ್ತೆ, ಓಲಾಡುತ್ತೆ, ಇಲ್ಲವೇ ಕಮಾನಿನ ಭಾಗ ಬೇಕಾದ್ದಕ್ಕಿಂತ ಮೇಲೆ ಎದ್ದು ಕೂರುತ್ತೆ. ಕಮಾನು ಅತಿಯಾಗಿ ಎದ್ದರೆ ಮಂಡಿ ಹೊರಗಡೆ ವಾಲುತ್ತೆ. ಪಾದದ ತಪ್ಪನ್ನು ಮಂಡಿ ಕಟ್ಟಿಕೊಡುತ್ತೆ. ಎಂಜಿನಿಯರಿಂಗ್‌ನಲ್ಲಿ ನಮಗೆ ಮೊದಲ ವರ್ಷವೇ ಹೇಳಿಕೊಟ್ಟ ಪಾಠ ಇದು: ಒಂದು ಭಾಗವನ್ನು ಎಷ್ಟು ನಿಖರವಾಗಿ ಮಾಡಿದೆ ಅನ್ನೋದು ಮುಖ್ಯವಲ್ಲ, ಅದು ಕೂರುವ ಜಾಗದ ಅಳತೆ ನಿನ್ನ ಬಳಿ ಇದೆಯಾ? ನನ್ನ ಪಾದವನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿದವರು ನನ್ನ ಶೂ ಕೇಳಲೇ ಇಲ್ಲ. ಚೀಲದಲ್ಲಿತ್ತು.

ಸೀಟಿನ ಎತ್ತರದ ವಿಷಯವನ್ನೂ ಇಲ್ಲೇ ಹೇಳಿಬಿಡ್ತೀನಿ. ಹಳೇ ಇನ್‌ಸೋಲ್‌ಗಿಂತ ಹೊಸದು ಬೆರಳುಬುಡದ ಕೆಳಗೆ 3 ಮಿಲಿಮೀಟರ್ ದಪ್ಪ ಇದ್ದರೆ, ಸೀಟು 3 ಮಿಲಿಮೀಟರ್ ಇಳಿಸಿದ ಹಾಗೇ ಲೆಕ್ಕ. ಹಿಮ್ಮಡಿಯ ದಪ್ಪ ಈ ಲೆಕ್ಕಕ್ಕೆ ಬರಲ್ಲ, ಪೆಡಲ್ ಅಕ್ಷದ ಮೇಲಿನ ದಪ್ಪವಷ್ಟೇ.

ಹಾಗಾದರೆ ಮನೆಯಲ್ಲೇ ಏನು ಪರೀಕ್ಷೆ ಮಾಡಬಹುದು? ಶೂ ಜೊತೆ ಬಂದ ಇನ್‌ಸೋಲ್ ತೆಗೆದಿದ್ದೀರಾ ಅಂತ ಮೊದಲು ನೋಡಿ, ಒಂದರ ಮೇಲೊಂದು ಇಡಬಾರದು. ಆ ಹಳೇ ಇನ್‌ಸೋಲ್ ಬಿಸಾಡಬೇಡಿ, ಅದು ನಿಮ್ಮ ಶೂನ ಒಳನೆಲದ ನಕ್ಷೆ. ಆರ್ಥೋಟಿಕ್ಕನ್ನು ಅದರ ಮೇಲಿಟ್ಟು, ಎಲ್ಲಿ ಹೊರಗೆ ಚಾಚುತ್ತೆ ಅಂತ ಪೆನ್ನಿನಲ್ಲಿ ಗುರುತು ಮಾಡಿ. ಆಮೇಲೆ ಶೂ ಒಳಗಿಟ್ಟು, ಹಿಮ್ಮಡಿಯನ್ನೂ ಮುಂಭಾಗವನ್ನೂ ಬೆರಳಿಂದ ಒಂದೊಂದಾಗಿ ಒತ್ತಿ. ಓಲಾಡಿದರೆ ಅಡಿಭಾಗ ಉಜ್ಜಬೇಕು. ಮುಕ್ಕಾಲು ಉದ್ದದ ಆರ್ಥೋಟಿಕ್ ಆಗಿದ್ದರೆ ಅದರ ಮುಂದಿನ ಅಂಚು ಬೆರಳುಬುಡದ ಮೂಳೆಗಿಂತ ಹಿಂದೆಯೇ ಮುಗಿಯಬೇಕು. ಮೂಳೆಯ ಕೆಳಗೇ ಬಂದರೆ ಆ ಮೆಟ್ಟಿಲಿನ ಮೇಲೆ ನೀವು ಗಂಟೆಗೆ 5,100 ಸಲ ತುಳಿಯುತ್ತೀರಿ. ಕೊನೆಗೆ ಕಾಗದದ ಮೇಲೆ ನಿಂತು ಪಾದದ ಗೆರೆ ಎಳೆದು, ಹಳೇ ಇನ್‌ಸೋಲನ್ನು ಅದರ ಮೇಲಿಡಿ. ಪಾದದ ಗೆರೆ ಎರಡೂ ಕಡೆ ದಾಟಿದ್ದರೆ ಸಮಸ್ಯೆ ಆರ್ಥೋಟಿಕ್‌ನದ್ದಲ್ಲ, ಶೂನದ್ದು. ಯಾವ ಅಟ್ಟೆ ಹಾಕಿದರೂ ಅದು ಸರಿಹೋಗಲ್ಲ.

ಇಲ್ಲಿಗೆ ಬಂದರೆ ವಿಷಯ ನನ್ನೊಬ್ಬನ ಪಾದದ್ದಾಗಿ ಉಳಿಯಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1,01,880 ಜನರ ಪಾದಗಳನ್ನು ಸ್ಕ್ಯಾನ್ ಮಾಡಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರದ್ದಕ್ಕಿಂತ ಅಗಲ ಅಂತ ಗೊತ್ತಾಯ್ತು. ನಾವು ಇಷ್ಟು ವರ್ಷ ಬಳಸುತ್ತಿರುವುದು ಬ್ರಿಟಿಷರು ಬಿಟ್ಟುಹೋದ ಸೈಜುಗಳನ್ನು. ಅಗಲ ಸಾಲದ್ದಕ್ಕೆ ಉದ್ದದ ಶೂ ಕೊಳ್ಳುತ್ತೇವೆ, ಆಗ ಶೂನ ಕಮಾನು ನಮ್ಮ ಕಮಾನಿಗಿಂತ ಮುಂದೆ ಹೋಗಿರುತ್ತೆ. ಆ ಸಮೀಕ್ಷೆಯ ಮೇಲೆ 'ಭಾ' ಅನ್ನುವ ಭಾರತೀಯ ಸೈಜು ಪದ್ಧತಿ ಪ್ರಸ್ತಾಪವಾಗಿದೆ. ಇಟಲಿಯ ಸಿಡಿ, ಜಪಾನಿನ ಶಿಮಾನೊ ಶೂಗಳಲ್ಲಿ ಅದನ್ನು ಹುಡುಕಬೇಡಿ. ಶಿಮಾನೊ ಕೆಲವು ಮಾದರಿಗಳಲ್ಲಿ 'ವೈಡ್' ಅಂತ ಅಗಲದ ಅಚ್ಚು ಮಾಡುತ್ತೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಆ ಒಂದು ಪದ ಹುಡುಕಿ.

ನನಗೆ ನಿಜಕ್ಕೂ ಕಾಡೋದು ಇನ್ನೊಂದು. ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ. ಹಳ್ಳಿಯ ಹೊಲಗಳಿಂದ ಬಂದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದ ಜಿಲ್ಲೆಗಳು. ಇನ್ನು ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಅದು ಹಂಚಿಹೋಗಿದ್ದು ಎಂಟು ಜಿಲ್ಲೆಗಳಿಗೆ, ಅದರಲ್ಲಿ ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಸೈಕಲ್ ತುಳಿಯುವವರ ನೆಲವೂ ಪಾದರಕ್ಷೆ ಹೊಲಿಯುವವರ ನೆಲವೂ ಒಂದೇ. ಬಸವಣ್ಣನಿಗಾಗಿ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರು ಅನ್ನುವ ಕಥೆ ಹುಟ್ಟಿದ್ದು ಈ ಸೀಮೆಯ ನೆನಪಿನಲ್ಲೇ. ಆದರೂ ಸಮಗಾರರ ಕೈಯ ವಿದ್ಯೆಯನ್ನು ನಾವು ವಿದ್ಯೆ ಅಂತ ಎಣಿಸಲಿಲ್ಲ, ಮುಟ್ಟಬಾರದ ಕೆಲಸ ಅಂದೆವು. 2025ರಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅಂಥದೇ ಚಪ್ಪಲಿ ತೋರಿಸಿ ಮೂಲ ಹೇಳದೇ ಇದ್ದಾಗ ಎಲ್ಲರಿಗೂ ಸಿಟ್ಟು ಬಂತು. ಆ ಸಿಟ್ಟಿನ ಕಾಲುಭಾಗ ನಮ್ಮ ಮೇಲೇ ಬಂದಿದ್ದರೆ ಅಥಣಿಯಲ್ಲೊಂದು ಆರ್ಥೋಟಿಕ್ ತರಬೇತಿ ಕೇಂದ್ರ ಇರಬೇಕು ಅಂತ ಯಾರಾದರೂ ಕೇಳುತ್ತಿದ್ದರು.

ಇದೇನು ಭಾವುಕತೆಯ ಮಾತಲ್ಲ, ಆಗಿರುವ ಕೆಲಸ. ತಮಿಳುನಾಡಿನ ವೆಲ್ಲೂರು, ಕರಿಗಿರಿಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ಕುಷ್ಠರೋಗಿಗಳ ಪಾದ ಉಳಿಸಲು ಹುಡುಕಿದ್ದು ಮೃದು ರಬ್ಬರಿನ, ಪಾದಕ್ಕೆ ತಕ್ಕ ಚಪ್ಪಲಿ. ನೋವು ಗೊತ್ತಾಗದ ಪಾದ ತನ್ನನ್ನು ತಾನೇ ಗಾಯ ಮಾಡಿಕೊಳ್ಳುತ್ತೆ ಅನ್ನೋದು ಬ್ರ್ಯಾಂಡ್ ಜಗತ್ತಿಗೆ ತೋರಿಸಿದ ಸತ್ಯ. ಸಕ್ಕರೆ ಕಾಯಿಲೆಯವರ ಪಾದದ ಚಿಕಿತ್ಸೆ ಇವತ್ತು ನಿಂತಿರೋದೂ ಇದೇ ತಿಳಿವಳಿಕೆ ಮೇಲೆ.

ಇಲ್ಲೇ ಇರೋದು ಅಪಾಯ. ಸೈಕಲ್ ತುಳಿಯುವ ನನ್ನ ಪುಣ್ಯ ಏನಂದರೆ ಸರಿಯಿಲ್ಲದ ಅಟ್ಟೆ ನನಗೆ ನೋವು ಕೊಡುತ್ತೆ. ನಿಲ್ಲಿಸುತ್ತೇನೆ, ಬಯ್ಯುತ್ತೇನೆ, ಲೇಖನ ಬರೆಯುತ್ತೇನೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಅದೇ ಎರಡು ಮಿಲಿಮೀಟರ್ ತಪ್ಪು ಗೊತ್ತೇ ಆಗಲ್ಲ. ಮೊದಲು ಗುಳ್ಳೆ, ಆಮೇಲೆ ಹುಣ್ಣು, ಆಮೇಲೆ ಬೆರಳು ತೆಗೆಯುವ ಮಾತು. ಅವರಿಗೂ ಅಟ್ಟೆ ಮಾಡಿಕೊಡೋದು ಇಂಥದ್ದೇ ಕ್ಲಿನಿಕ್‌ಗಳು, ಇಂಥದ್ದೇ ಸ್ಕ್ಯಾನರ್. "ಎರಡು ವಾರ ಹಾಕ್ಕೊಳ್ಳಿ" ಅನ್ನುವ ಉತ್ತರ ಅವರಿಗೆ ಹೇಳಿದರೆ ಏನಾಗಬಹುದು ಯೋಚಿಸಿ.

ಯಾವ ಆರ್ಥೋಟಿಕ್ಕೂ ಒಂದೇ ಸಲಕ್ಕೆ ಸರಿ ಹೊಂದುತ್ತೆ ಅನ್ನೋ ಖಾತ್ರಿ ಇಲ್ಲ. ಹಾಕಿ ನೋಡಿ, ಗುರುತು ಮಾಡಿ, ಉಜ್ಜಿ, ಮತ್ತೆ ಹಾಕಿ ನೋಡೋದು ಈ ಕೆಲಸದ ಅರ್ಧ. ಅಂದರೆ ಎರಡು ಮೂರು ಸಲ ಹೋಗಬೇಕು. ಉತ್ತರ ಕನ್ನಡದವರು ಎಲ್ಲಿಗೆ ಹೋಗೋದು? ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ, ಇಲ್ಲಾ ದಕ್ಷಿಣಕ್ಕೆ ಮಣಿಪಾಲ, ಮಂಗಳೂರಿಗೆ, ಇಲ್ಲಾ ಗೋವಾಕ್ಕೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತ ಮೇಲೆ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆಯ ಯುವಜನ ಎಬ್ಬಿಸಿದ ಕೂಗು ನಿಮಗೆ ನೆನಪಿರಬಹುದು. ಹೃದಯ, ತಲೆಪೆಟ್ಟಿನ ಚಿಕಿತ್ಸೆಗೇ ಹೋರಾಡಬೇಕಾದ ಕಡೆ ಪಾದದ ಅಟ್ಟೆಯ ಮಾತು ಎತ್ತಿದರೆ ನಗ್ತಾರೆ, ಗೊತ್ತು. ಆದರೆ ದೊಡ್ಡ ಆಸ್ಪತ್ರೆಗೆ ಬೇಕಾದಷ್ಟು ಕೋಟಿಗಳು ಇದಕ್ಕೆ ಬೇಡ. ಒಂದು ಗ್ರೈಂಡರ್, ಪ್ಲಾಸ್ಟಿಕ್ ಬಿಸಿ ಮಾಡುವ ಸಾಧನ, ತರಬೇತಿ ಪಡೆದ ಒಬ್ಬರು ಸಾಕು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ಕೂತರೆ ಹಟ್ಟಿಕೇರಿಯ ಅಜ್ಜಿ ಬೆಳಿಗ್ಗೆ ಬಸ್ ಹತ್ತಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು.

ಯಾರು ಮಾಡಬಹುದು ಅನ್ನುವುದಕ್ಕೆ ಕಾನೂನೂ ಇದೆ. 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯಡಿ ಆರ್ಥೋಟಿಸ್ಟ್‌ಗಳು ನೋಂದಣಿ ಮಾಡಿಸಿಕೊಳ್ಳಬೇಕಾದ ವೃತ್ತಿಪರರು. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ದಂಡದ ಮಿತಿ ಎಷ್ಟು ಗೊತ್ತಾ? 1,000 ರೂಪಾಯಿ. ಒಂದು ಜೊತೆ ಆರ್ಥೋಟಿಕ್ ಮಾರಿದರೆ ಅದರ ಎಷ್ಟೋ ಪಟ್ಟು ಬರುತ್ತೆ.

ಇಷ್ಟೆಲ್ಲ ಓದಿ ನೀವು ನಾಳೆಯೇ ಕಸ್ಟಮ್ ಆರ್ಥೋಟಿಕ್‌ಗೆ ಹೊರಡುವ ಮೊದಲು ಒಂದು ಮಾತು. ಹಿಮ್ಮಡಿ ನೋವಿನ 135 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಕಸ್ಟಮ್ ಅಟ್ಟೆಗೂ ಅಂಗಡಿಯ ಸಿದ್ಧ ಅಟ್ಟೆಗೂ ಬರೀ ತೋರಿಕೆಯ ಅಟ್ಟೆಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸೈಕ್ಲಿಂಗ್‌ನಲ್ಲಿ ಆರ್ಥೋಟಿಕ್ ಬಳಕೆ ಬಗ್ಗೆ 2014ರಲ್ಲಿ ಬಂದ ಅಧ್ಯಯನಗಳ ವಿಮರ್ಶೆಯೂ ಪುರಾವೆ ತೀರಾ ಕಮ್ಮಿ ಅಂತಲೇ ಹೇಳಿತು. ಹಾಗಾಗಿ ಮೊದಲು ಅಗಲದ ಶೂ, ಆಮೇಲೆ ಕ್ಲೀಟನ್ನು ಕೊಂಚ ಹಿಂದಕ್ಕೆ ಸರಿಸೋದು, ಆಮೇಲೆ ಕಡಿಮೆ ಬೆಲೆಯ ಸಿದ್ಧ ಇನ್‌ಸೋಲ್. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಇದ್ಯಾವುದಕ್ಕೂ ಬಗ್ಗದಿದ್ದರೆ ಕ್ಲಿನಿಕ್. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಕ್ರಮ ಅನ್ವಯಿಸಲ್ಲ. ಅವರು ಮೊದಲು ವೈದ್ಯರಿಗೇ ಪಾದ ತೋರಿಸಬೇಕು.

ಹೋಗುವಾಗ ಸೈಕಲ್ ಶೂ ಚೀಲದಿಂದ ಹೊರಗೆ ತೆಗೆದು ಮೇಜಿನ ಮೇಲೇ ಇಡಿ. ಹಳೇ ಇನ್‌ಸೋಲೂ ಜೊತೆಗಿರಲಿ. ತೆಳು ಪದರದ್ದೇ ಬೇಕು, ಹಿಮ್ಮಡಿ ಕೆಳಗೆ ಕಟ್ಟೆ ಬೇಡ ಅಂತ ಹೇಳಿ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಚರ್ಮದ ಹೊದಿಕೆಗೆ ಬೂಸ್ಟು ಹಿಡಿಯುತ್ತೆ, ಅದರ ಬದಲು ಫೋಮ್ ಹೊದಿಕೆ ಕೇಳಿ. ದುಡ್ಡು ಕೊಡುವ ಮೊದಲು, ಮೂರು ತಿಂಗಳೊಳಗೆ ಎಷ್ಟು ಸಲ ಬಂದರೂ ಉಜ್ಜಿ ಸರಿಮಾಡಿಕೊಡ್ತೀವಿ ಅಂತ ಬರೆಸಿಕೊಳ್ಳಿ, ಬಿಲ್‌ನ ಹಿಂಭಾಗದಲ್ಲಾದರೂ ಸರಿ.