ಬೇಸಗೆಯಲ್ಲಿ ಬೆಣ್ಣೆಯ ಲೇಪ

ಹುಟ್ಟುಹಬ್ಬದ ದಿನ ಕೇಕು ಕತ್ತರಿಸುವ ವಾಡಿಕೆ ಈಗ ನಗರಗಳಿಗೆ ಮಾತ್ರ ಸೇರಿದುದಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿರುವ ವಳಕಮದಿನ್ನಿಯಂತಹ ಹಳ್ಳಿಯಲ್ಲಿಯೂ ಕುಕ್ಕರಿನ ತಳದಲ್ಲಿ ಉಪ್ಪನ್ನೋ ಮರಳನ್ನೋ ಹರವಿ ಕೇಕು ಬೇಯಿಸಬಹುದು. ತೊಡಕು ಬರುವುದು ಅದರ ಮೇಲಿನ ಬಟರ್‌ಕ್ರೀಮ್ ಐಸಿಂಗ್, ಎಂದರೆ ಬೆಣ್ಣೆ-ಸಕ್ಕರೆಗಳ ಲೇಪದಲ್ಲಿ. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ಸಾಮಾನ್ಯ. ಶೀತಪೆಟ್ಟಿಗೆಯಿಲ್ಲದ ಮನೆಯಲ್ಲಿ, ಅಥವಾ ಶೀತಪೆಟ್ಟಿಗೆಯಿದ್ದೂ ವಿದ್ಯುತ್ತು ಹೋದ ಹೊತ್ತಿನಲ್ಲಿ, ಈ ಲೇಪವನ್ನು ಮಾಡುವುದು ಸಾಧ್ಯವೆ? ಸಾಧ್ಯವೆಂದೇ ನಮ್ಮ ಉತ್ತರ. ಆದರೆ ಬೆಣ್ಣೆಯ ಸ್ವಭಾವವನ್ನು ಮೊದಲು ಅರಿಯಬೇಕು.

ಬೆಣ್ಣೆ ಮಂಜುಗಡ್ಡೆಯಂತೆ ಒಂದೇ ಉಷ್ಣತೆಯಲ್ಲಿ ಕರಗುವ ವಸ್ತುವಲ್ಲ. ಅದರಲ್ಲಿ ಹಲವು ಬಗೆಯ ಕೊಬ್ಬುಗಳು ಬೆರೆತಿವೆ. ಕೆಲವು ತಂಪಿನಲ್ಲಿಯೂ ಎಣ್ಣೆಯಾಗಿಯೇ ಇರುತ್ತವೆ, ಕೆಲವು ನಮ್ಮ ಮೈಯ ಉಷ್ಣತೆಯ ಬಳಿಗೆ ಬಂದಮೇಲೆಯೇ ಕರಗುತ್ತವೆ. ಆದ್ದರಿಂದ 20 ಡಿಗ್ರಿಯ ಬೆಣ್ಣೆಯಲ್ಲಿ ಬಹುಪಾಲು ಕೊಬ್ಬು ದ್ರವವೇ. ಅದನ್ನು ಹಿಡಿದು ನಿಲ್ಲಿಸಿರುವುದು ಉಳಿದ ಕೊಬ್ಬಿನ ಅತಿ ಸಣ್ಣ ಹರಳುಗಳು ಹೆಣೆದ ಜಾಲ. ಉಷ್ಣತೆ 30 ಡಿಗ್ರಿಗೇರಿದರೆ ಈ ಹರಳುಗಳಲ್ಲಿ ಹೆಚ್ಚಿನವು ಕರಗಿ ಜಾಲವು ಕುಸಿಯುತ್ತದೆ. ಲೇಪಕ್ಕೆ ಬೇಕಾದುದು ಈ ಜಾಲವೇ. ಸೌಟಿನಿಂದ ಬಡಿಯುವಾಗ ಒಳಸೇರುವ ಗಾಳಿಯ ಗುಳ್ಳೆಗಳ ಸುತ್ತ ಹರಳುಗಳು ನೆರೆದು ಅವು ಒಡೆಯದಂತೆ ಕಾಯುತ್ತವೆ. ಬಡಿದಂತೆಲ್ಲ ಬೆಣ್ಣೆ ಬಿಳುಪಾಗುವುದಕ್ಕೆ ಕಾರಣವೂ ಈ ಗುಳ್ಳೆಗಳೇ, ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುತ್ತವೆ. (ಎಮ್ಮೆಯ ಬೆಣ್ಣೆ ಮೊದಲಿಗೇ ಬೆಳ್ಳಗಿರುವುದಾದರೂ ಆ ಬಿಳುಪಿನ ಕಾರಣ ಬೇರೆ: ಹಸುವಿನ ಬೆಣ್ಣೆಗೆ ಹಳದಿ ಬಣ್ಣ ಕೊಡುವ ಕ್ಯಾರೊಟಿನ್ ಅದರಲ್ಲಿಲ್ಲ.)

ಇನ್ನು ಸಕ್ಕರೆ. 100 ಗ್ರಾಂ ಬೆಣ್ಣೆಗೆ 200 ಗ್ರಾಂ ಸಕ್ಕರೆ ಹಾಕುವುದು ರೂಢಿ. ಸಕ್ಕರೆಯು ಕೊಬ್ಬಿನಲ್ಲಿ ಕರಗದು, ಬೆಣ್ಣೆಯೊಳಗಿನ ನೀರಿನಲ್ಲಿ ಮಾತ್ರ ಕರಗೀತು. ಬೆಣ್ಣೆಯಲ್ಲಿ ನೀರಿರುವುದು ಸುಮಾರು 16 ಗ್ರಾಂ. ಒಂದು ಗ್ರಾಂ ನೀರು ಸುಮಾರು ಎರಡು ಗ್ರಾಂ ಸಕ್ಕರೆಯನ್ನು ಕರಗಿಸಬಲ್ಲುದು. ಹೀಗೆ 32 ಗ್ರಾಂ ಕರಗಿದರೆ ಮಿಕ್ಕ 168 ಗ್ರಾಂ ಸಕ್ಕರೆ ಎಷ್ಟು ಕಲಸಿದರೂ ಪುಡಿಯಾಗಿಯೇ ಉಳಿಯತಕ್ಕದ್ದು. ಲೇಪ ನಾಲಗೆಗೆ ಮರಳಿನಂತೆ ತಾಗಬಾರದೆಂದರೆ ಸಕ್ಕರೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಬೀಸಿ, ತೆಳುವಾದ ಒಣಬಟ್ಟೆಯಲ್ಲಿ ಎರಡು ಸಲ ಸೋಸಲೇಬೇಕು. ಬೀಸಿದ ಪುಡಿ ಬಿಸಿಯಾಗಿರುತ್ತದೆ. ಅದು ಆರುವ ಮೊದಲೇ ಬೆಣ್ಣೆಗೆ ಸುರಿದರೆ ಕೆಲಸ ಕೆಡುತ್ತದೆ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ: ಬೆಣ್ಣೆಯನ್ನು ತಂಪಾಗಿಸುವುದು ಹೇಗೆ? ಮಜ್ಜಿಗೆ ಕಡೆಯುವ ನಮ್ಮ ಹೆಂಗಸರು ಬೇಸಗೆಯಲ್ಲಿ ನಸುಕಿನಲ್ಲಿಯೇ ಕಡಗೋಲು ಹಿಡಿಯುವುದನ್ನೂ ಗಡಿಗೆಯ ತಣ್ಣೀರನ್ನು ಮೊಸರಿಗೆ ಬೆರೆಸುವುದನ್ನೂ ಓದುಗರು ಕಂಡಿರಬಹುದು. ಅದೇ ಗಡಿಗೆಯನ್ನು ನಾವೂ ಬಳಸೋಣ. ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಪ್ರತಿ ಗ್ರಾಮಿಗೆ ಸುಮಾರು 580 ಕ್ಯಾಲೊರಿಗಳಷ್ಟು ಉಷ್ಣವನ್ನು ಸೆಳೆದುಕೊಳ್ಳುತ್ತದೆ. 200 ಗ್ರಾಂ ಬೆಣ್ಣೆಯನ್ನು 35 ಡಿಗ್ರಿಯಿಂದ 24ಕ್ಕೆ ಇಳಿಸಲು ತೆಗೆಯಬೇಕಾದ ಉಷ್ಣವನ್ನು ಲೆಕ್ಕ ಹಾಕಿದರೆ, ಒಂದು ಚಮಚ ನೀರು ಆವಿಯಾದರೆ ಸಾಕಾಗುತ್ತದೆ! ಪಾತ್ರೆಯ ಉಷ್ಣವನ್ನೂ ಸುತ್ತಲಿನಿಂದ ಒಳಬರುವ ಉಷ್ಣವನ್ನೂ ಕಳೆಯಲು ಇನ್ನಷ್ಟು ಬೇಕು, ಅಷ್ಟೆ.

ಗಡಿಗೆ ಎಷ್ಟು ತಂಪಾದೀತೆಂಬುದನ್ನು ನಿರ್ಧರಿಸುವುದು ಗಾಳಿಯ ಉಷ್ಣತೆಯೊಂದೇ ಅಲ್ಲ, ಅದರ ತೇವವೂ ಹೌದು. ಗಾಳಿ 40 ಡಿಗ್ರಿಯಷ್ಟು ಬಿಸಿಯಾಗಿದ್ದು ಸಾಪೇಕ್ಷ ಆರ್ದ್ರತೆ ಶೇಕಡ 20 ಇದ್ದರೆ, ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವು ಸುಮಾರು 23 ಡಿಗ್ರಿಗೆ ಇಳಿಯುತ್ತದೆ. ಕರಾವಳಿಯಲ್ಲಿ ಗಾಳಿ 33 ಡಿಗ್ರಿಯಷ್ಟೇ ಇದ್ದು ಆರ್ದ್ರತೆ ಶೇಕಡ 75 ಇದ್ದ ದಿನ ಅದು 29ರ ಕೆಳಗೆ ಇಳಿಯಲಾರದು. ಎಂದಮೇಲೆ ಶೀತಪೆಟ್ಟಿಗೆಯ ನೆರವಿಲ್ಲದೆ ಬೆಣ್ಣೆಯ ಲೇಪ ಮಾಡಲು ಮಂಗಳೂರಿನ ಸೆಕೆಗಿಂತ ವಳಕಮದಿನ್ನಿಯ ಒಣಬಿಸಿಲೇ ಅನುಕೂಲ! ಬಿಸಿಲಿಗೆ ಹೆಸರಾದ ರಾಯಚೂರು ಸೀಮೆಯವರು ಈ ಒಂದು ವಿಷಯಕ್ಕಾದರೂ ಹೆಮ್ಮೆಪಡಬಹುದು.

ಮಾಡುವ ಕ್ರಮ ಸರಳವಾದುದು. ಬಾಯಗಲದ ಹೊಸ ಮಣ್ಣಿನ ಗಡಿಗೆಯನ್ನು ರಾತ್ರಿಯೇ ನೀರಿನಲ್ಲಿ ನೆನೆಸಿಡಬೇಕು. ಬೆಳಗಿನ ಜಾವ ಅದರೊಳಗೆ ನಾಲ್ಕು ಬೆರಳಷ್ಟು ನೀರು ಹಾಕಿ, ಹೊರಗೆ ಒದ್ದೆಬಟ್ಟೆ ಸುತ್ತಿ, ನೆರಳಿನಲ್ಲಿ ಗಾಳಿಯಾಡುವೆಡೆ ಇಡಬೇಕು. ಮನೆಯ ಬೆಣ್ಣೆಯಾದರೆ ಮಜ್ಜಿಗೆಯ ಹುಳಿ ಹೋಗುವಂತೆ ಎರಡು ಮೂರು ಸಲ ತಣ್ಣೀರಿನಲ್ಲಿ ತೊಳೆದು, ನೀರನ್ನು ಚೆನ್ನಾಗಿ ಒತ್ತಿ ತೆಗೆಯಬೇಕು. ಬೆಣ್ಣೆಯ ಸ್ಟೀಲ್ ಪಾತ್ರೆಯನ್ನು ಗಡಿಗೆಯ ನೀರಿನೊಳಗೆ ಇಳಿಸಿ ಅರ್ಧ ಗಂಟೆ ಬಿಟ್ಟು, ಮರದ ಸೌಟಿನಿಂದ ಬಡಿಯತೊಡಗಬೇಕು. ಬೆಣ್ಣೆ ಬೆರಳೊತ್ತಿದರೆ ತಗ್ಗು ಬೀಳುವಷ್ಟು ಮೃದುವಾಗಿರಬೇಕು, ಮಿರುಗುವಷ್ಟಲ್ಲ. ಪಾತ್ರೆಯನ್ನು ಅಂಗೈಯಿಂದ ತಬ್ಬಿ ಹಿಡಿಯಬಾರದು, ನಮ್ಮ ಕೈಯೂ ಒಂದು ಒಲೆಯೇ. ಹತ್ತು ನಿಮಿಷದ ಮೇಲೆ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಮತ್ತೆ ಅಷ್ಟೇ ಹೊತ್ತು ಬಡಿದರೆ ಲೇಪ ಸಿದ್ಧವಾಗುತ್ತದೆ. ತೋಳು ನೋಯುವುದಂತೂ ನಿಶ್ಚಯ.

ನಡುವೆ ಬೆಣ್ಣೆ ಪೂರ್ತಿ ಕರಗಿತೆನ್ನೋಣ. ಅದನ್ನು ಸುಮ್ಮನೆ ಆರಲು ಬಿಟ್ಟರೆ ಪ್ರಯೋಜನವಿಲ್ಲ. ನಿಧಾನವಾಗಿ ಆರುವ ಕೊಬ್ಬಿನಲ್ಲಿ ಹರಳುಗಳು ಎಣಿಕೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ದೊಡ್ಡವಾಗಿ ಬೆಳೆಯುತ್ತವೆ. ತುಪ್ಪದಲ್ಲಿ ನಾವು ಮೆಚ್ಚುವ ರವೆ ಇದೇ. ಲೇಪಕ್ಕಾದರೋ ಅಸಂಖ್ಯ ಸಣ್ಣ ಹರಳುಗಳು ಬೇಕು. ಅವನ್ನು ಪಡೆಯಲು ಬೇಗನೆ ತಣಿಸುತ್ತ ಎಡೆಬಿಡದೆ ಬಡಿಯಬೇಕು. ಐಸಂಗಡಿಯ ಒಂದಿಷ್ಟು ಮಂಜುಗಡ್ಡೆ ದೊರೆತರೆ ಗಡಿಗೆಯ ನೀರಿಗೆ ಹಾಕಿಕೊಳ್ಳುವುದು ಲೇಸು. ಬೆಣ್ಣೆಯ ಬದಲು ತುಪ್ಪವನ್ನೇ ಬಳಸಬಾರದೇಕೆ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವುಂಟು.

ಕೆಲವು ಬೇಕರಿಗಳು ಬೆಣ್ಣೆಯ ಬದಲಿಗೆ ಹೆಚ್ಚಿನ ಉಷ್ಣತೆಯಲ್ಲಿ ಕರಗುವ ವನಸ್ಪತಿ ಕೊಬ್ಬನ್ನು ಬಳಸುತ್ತವೆ. ಅಂತಹ ಲೇಪ ಬಿಸಿಲಿಗೆ ತಾಳುತ್ತದೆ, ಆದರೆ ಬಾಯಲ್ಲಿಯೂ ಬೇಗ ಕರಗದೆ ಅಂಗುಳಿಗೆ ಅಂಟುತ್ತದೆ. ಬೆಣ್ಣೆಯ ಲೇಪದ ರುಚಿಯೂ ದೌರ್ಬಲ್ಯವೂ ಅದು ಮೈಯ ಉಷ್ಣತೆಯೊಳಗೇ ಕರಗುವುದರಲ್ಲಿದೆ.

ಲೇಪ ಹಚ್ಚಿದ ಕೇಕನ್ನು ಸಂಜೆಯವರೆಗೆ ಕಾಪಾಡಬೇಕಾದರೆ, ನೀರು ತುಂಬಿದ ಪರಾತದ ನಡುವೆ ಎತ್ತರದ ಪೀಠದ ಮೇಲಿಟ್ಟು, ನೆನೆಸಿದ ಗಡಿಗೆಯನ್ನು ಅದರ ಮೇಲೆ ಬೋರಲು ಹಾಕಬಹುದು. ಆದರೆ ಒಳಗಿನ ಗಾಳಿಯ ಆರ್ದ್ರತೆ ಶೇಕಡ 85ನ್ನು ಮೀರಿದರೆ ಸಕ್ಕರೆಯು ಗಾಳಿಯ ತೇವವನ್ನೇ ಹೀರಿ ಕರಗತೊಡಗುತ್ತದೆ, ಲೇಪದ ಮೈಮೇಲೆ ಬೆವರಿನಂತಹ ಹನಿಗಳು ಮೂಡುತ್ತವೆ. ಅದಕ್ಕಾಗಿ ಗಡಿಗೆಯ ಒಂದು ಅಂಚಿಗೆ ಸಣ್ಣ ಕಡ್ಡಿಯನ್ನು ಕೊಟ್ಟು ಗಾಳಿಗೆ ದಾರಿ ಬಿಡಬೇಕು.