ಶಾಖಾ ಕಚೇರಿಗಳ ಜಾಲದಲ್ಲಿ ನಾಮವ್ಯವಸ್ಥೆ: ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳನ್ನು ಕುರಿತ ಒಂದು ವಿವೇಚನೆ

ಪೀಠಿಕೆ

ವಿಜಯಪುರದಲ್ಲಿ ಪ್ರಧಾನ ಕಚೇರಿಯನ್ನೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಶಾಖೆಗಳನ್ನೂ ಇಟ್ಟುಕೊಂಡು ಕಾರ್ಯ ನಡೆಸುವ ಸಂಸ್ಥೆಗಳು ಹಲವುಂಟು. ಸಹಕಾರಿ ಸಂಘಗಳು, ಬ್ಯಾಂಕುಗಳು, ವಿದ್ಯಾಸಂಸ್ಥೆಗಳು, ಸರಕಾರದ ಇಲಾಖೆಗಳು ಎಲ್ಲವೂ ಈ ವರ್ಗಕ್ಕೆ ಸೇರಿದವು. ಇವುಗಳ ಲೆಕ್ಕಪತ್ರಗಳೆಲ್ಲ ಈಗ ಕಂಪ್ಯೂಟರುಗಳಲ್ಲಿವೆ. ಈ ಶತಮಾನದ ಮೊದಲ ವರ್ಷಗಳಲ್ಲಿ 'ಭೂಮಿ' ಯೋಜನೆಯು ಆಗಿನ ೧೭೭ ತಾಲೂಕುಗಳ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯ ಚಲಾವಣೆಯನ್ನು ನಿಲ್ಲಿಸಿದಂದಿನಿಂದ, ತಾಲೂಕು ಕೇಂದ್ರದ ಯಂತ್ರವು ಉತ್ತರ ಕೊಡುವುದೋ ಇಲ್ಲವೋ ಎಂಬುದು ರೈತನ ದಿನಚರಿಯ ಪ್ರಶ್ನೆಯೇ ಆಗಿಬಿಟ್ಟಿದೆ.

ಹೀಗಿರುವಲ್ಲಿ ಒಂದು ವಿಚಿತ್ರವಾದ ತೊಂದರೆಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಮಳೆಗೋ ರಸ್ತೆಯ ಅಗೆತಕ್ಕೋ ಸಿಲುಕಿ ಜಿಲ್ಲಾ ಕೇಂದ್ರದಿಂದ ಬರುವ ತಂತಿ ತುಂಡಾಗುತ್ತದೆ. ಶಾಖೆಯಲ್ಲಿ ವಿದ್ಯುತ್ತು ಇದೆ. ಸ್ಥಳೀಯ ಸರ್ವರು ಪಕ್ಕದ ಕೋಣೆಯಲ್ಲಿ ಸುಸ್ಥಿತಿಯಲ್ಲಿದೆ. ಮುದ್ರಣಯಂತ್ರವು ಹತ್ತು ಅಡಿ ದೂರದಲ್ಲಿದೆ. ಆದರೂ ಗುಮಾಸ್ತನ ಪರದೆಯ ಮೇಲೆ 'ಸರ್ವರ್ ಸಿಗುತ್ತಿಲ್ಲ' ಎಂಬ ಸೂಚನೆ ಮೂಡುತ್ತದೆ. ಒಂದು ರಸೀದಿಗಾಗಿ ಹಳ್ಳಿಯಿಂದ ಬಂದವನು ಬಸ್ಸಿನ ಖರ್ಚನ್ನೂ ಒಂದು ದಿನದ ಕೂಲಿಯನ್ನೂ ಕಳೆದುಕೊಂಡು ಹಿಂದಿರುಗುತ್ತಾನೆ. ಯಂತ್ರಗಳೆಲ್ಲ ಇದ್ದೂ ಕೆಲಸ ನಿಲ್ಲುವುದೇಕೆ? ಕಾರಣವು ಬಹುಮಟ್ಟಿಗೆ ಒಂದೇ: ಆ ಯಂತ್ರಗಳ ಹೆಸರುಗಳನ್ನು ಬಲ್ಲ ಸರ್ವರು ತುಂಡಾದ ತಂತಿಯ ಆಚೆಯ ತುದಿಯಲ್ಲಿದೆ. ಇದರ ಸ್ವರೂಪವನ್ನೂ ಪರಿಹಾರವನ್ನೂ ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಹೆಸರು ಮತ್ತು ಸಂಖ್ಯೆ

ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯಾರೂಪದ ವಿಳಾಸವಿರುತ್ತದೆ. ಮನುಷ್ಯನಿಗೆ ಹೆಸರು ನೆನಪಿರುತ್ತದೆ, ಸಂಖ್ಯೆ ಮರೆಯುತ್ತದೆ; ಯಂತ್ರಕ್ಕಾದರೋ ಸಂಖ್ಯೆಯೇ ಬೇಕು. ಆದಕಾರಣ ಹೆಸರನ್ನು ಸಂಖ್ಯೆಗೆ ಪರಿವರ್ತಿಸುವ ಒಂದು ಕೋಷ್ಟಕವು ಅವಶ್ಯಕ. ಇಂಟರ್‌ನೆಟ್ಟಿನ ಪೂರ್ವರೂಪವಾದ ಆರ್ಪಾನೆಟ್ಟಿನಲ್ಲಿ ಇಂತಹ ಒಂದೇ ಒಂದು ಕೋಷ್ಟಕವಿತ್ತು. ಅದನ್ನು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಸಿದ್ಧಪಡಿಸುತ್ತಿದ್ದರು. ಉಳಿದವರು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಈ ಕ್ರಮವು ಕುಸಿಯತೊಡಗಿತು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಇದಕ್ಕೆ ಪ್ರತಿಯಾಗಿ ಡಿಎನ್‌ಎಸ್ ಎಂಬ ನಾಮವ್ಯವಸ್ಥೆಯನ್ನು ಪ್ರಕಟಿಸಿದರು. ೧೯೮೭ರಲ್ಲಿ ಅದು ಪರಿಷ್ಕೃತ ರೂಪವನ್ನು ಪಡೆಯಿತು. ಇಂದಿಗೂ ಅದರ ತಳಹದಿ ಅದೇ.

ಡಿಎನ್‌ಎಸ್ಸಿನ ಮುಖ್ಯ ತತ್ತ್ವಗಳು ಎರಡು. ಮೊದಲನೆಯದು, ಹೆಸರನ್ನು ಮೇಲಿನಿಂದ ಕೆಳಕ್ಕೆ ವಿಭಾಗಿಸುವುದು. ನಮ್ಮ ಊರುಗಳ ಹೆಸರುಗಳಲ್ಲಿಯೇ ಇದರ ಅಗತ್ಯವು ಕಾಣುತ್ತದೆ. 'ಬಾಗೇವಾಡಿ' ಎಂದಷ್ಟೇ ಹೇಳಿದರೆ ಬೆಳಗಾವಿಯ ಬಳಿಯ ಹಿರೇಬಾಗೇವಾಡಿಯೋ ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿಯೋ ತಿಳಿಯದು. 'ಬಸವನ' ಎಂಬ ವಿಶೇಷಣವು ಸೇರಿದಾಗಲೇ ಸಂದೇಹವು ಪರಿಹಾರವಾಗುತ್ತದೆ. ಅದೇ ರೀತಿ 'ಮುದ್ರಕ' ಎಂಬ ಹೆಸರು ಪ್ರತಿಯೊಂದು ಶಾಖೆಯಲ್ಲೂ ಇರಬಹುದು, 'ಮುದ್ರಕ.ಇಂಡಿ' ಎಂಬುದು ಒಂದೇ ಇರಲು ಸಾಧ್ಯ.

ಎರಡನೆಯ ತತ್ತ್ವವು ಅಧಿಕಾರದ ಹಂಚಿಕೆ. ೨೦೧೭ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದಂತೆ ಮುದ್ದೇಬಿಹಾಳದಿಂದ ತಾಳಿಕೋಟೆಯೂ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರಗಳೂ, ಇಂಡಿಯಿಂದ ಚಡಚಣವೂ, ಸಿಂದಗಿಯಿಂದ ದೇವರ ಹಿಪ್ಪರಗಿಯೂ ಹೊಸ ತಾಲೂಕುಗಳಾದುವು. ಆಗ ಅಲ್ಲಿನ ದಾಖಲೆಗಳ ಹೊಣೆಯು ಹೊಸ ತಹಶೀಲ್ದಾರರಿಗೆ ಸೇರಿತು. ಹಳೆಯ ತಾಲೂಕಿಗೆ ಉಳಿದದ್ದು 'ಆ ವಿಷಯವನ್ನು ಅಲ್ಲಿ ವಿಚಾರಿಸಿರಿ' ಎಂದು ದಾರಿ ತೋರುವ ಕೆಲಸ ಮಾತ್ರ. ಡಿಎನ್‌ಎಸ್ಸಿನಲ್ಲಿ ಒಂದು ವಲಯದಿಂದ ಉಪವಲಯವನ್ನು ಬೇರ್ಪಡಿಸುವ ಕ್ರಮವೂ ಇಂತಹುದೇ.

೨. ಹೆಸರುಗಳ ಆಯ್ಕೆ

ಈಗ ವಿಜಯಪುರದ ಒಂದು ಸಹಕಾರಿ ಸಂಘವನ್ನು ನಿದರ್ಶನಾರ್ಥವಾಗಿ ಊಹಿಸಿಕೊಳ್ಳೋಣ. ಪ್ರಧಾನ ಕಚೇರಿಗೆ ೧೦.೨೦.೦ ಎಂದು ಆರಂಭವಾಗುವ ವಿಳಾಸಗಳನ್ನೂ ಇಂಡಿಗೆ ೧೦.೨೦.೧, ಸಿಂದಗಿಗೆ ೧೦.೨೦.೨, ಮುದ್ದೇಬಿಹಾಳಕ್ಕೆ ೧೦.೨೦.೩, ಬಸವನ ಬಾಗೇವಾಡಿಗೆ ೧೦.೨೦.೪ ಎಂದು ಆರಂಭವಾಗುವವುಗಳನ್ನೂ ಕೊಡಬಹುದು. ಹತ್ತರಿಂದ ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆಂದೇ ಮೀಸಲಾಗಿರುವುದರಿಂದ ಹೊರಜಗತ್ತಿನೊಡನೆ ಘರ್ಷಣೆ ಉಂಟಾಗದು.

ಒಳಜಾಲದ ಮೇಲ್ಹೆಸರಿಗೆ, ಸಂಘವು ಈಗಾಗಲೇ ನೋಂದಾಯಿಸಿಕೊಂಡಿರುವ ಡೊಮೇನ್ ಇದ್ದರೆ ಅದರ ಒಂದು ಉಪವಲಯವನ್ನು ಬಳಸುವುದು ಶ್ರೇಯಸ್ಕರ. ಇಲ್ಲವಾದರೆ 'ಇಂಟರ್ನಲ್' ಎಂಬ ಹೆಸರನ್ನು ಬಳಸಬಹುದು. ೨೦೨೪ರ ಜುಲೈಯಲ್ಲಿ ಐಕ್ಯಾನ್ ಸಂಸ್ಥೆಯು ಅದನ್ನು ಖಾಸಗಿ ಜಾಲಗಳಿಗಾಗಿ ಕಾಯ್ದಿರಿಸಿತು. ಬಹಳ ಕಡೆ ರೂಢಿಯಲ್ಲಿರುವ 'ಲೋಕಲ್' ಎಂಬುದನ್ನು ವರ್ಜಿಸಬೇಕು. ನೇಮ್‌ಸರ್ವರಿನ ನೆರವಿಲ್ಲದೆ ನೆರೆಯ ಯಂತ್ರಗಳನ್ನು ಹುಡುಕುವ ಬೇರೊಂದು ವಿಧಾನಕ್ಕೆ ಅದು ೨೦೧೩ರಿಂದ ಮೀಸಲಾಗಿದೆ.

ಶಾಖೆಗಳ ಹೆಸರನ್ನು ರೋಮನ್ ಲಿಪಿಯಲ್ಲಿ ದಾಖಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ಸಿಂದಗಿಯನ್ನು ನಡುವೆ 'ಎ' ಅಕ್ಷರವಿಟ್ಟು ಬರೆಯುವವರೂ ಬಿಟ್ಟು ಬರೆಯುವವರೂ ಇದ್ದಾರೆ. ಬಾಗೇವಾಡಿಯಲ್ಲಿ 'ಡಬ್ಲ್ಯೂ' ಹಾಕುವವರೂ 'ವಿ' ಹಾಕುವವರೂ ಇದ್ದಾರೆ. ಮನುಷ್ಯನಿಗೆ ಇವು ಒಂದೇ. ಯಂತ್ರಕ್ಕೆ ಬೇರೆ ಬೇರೆ. ಒಂದು ರೂಪವನ್ನು ಲಿಖಿತವಾಗಿ ನಿರ್ಣಯಿಸಿ ಅದನ್ನೇ ಪಾಲಿಸಬೇಕು. ಯಂತ್ರದ ಹೆಸರಿನಲ್ಲಿ ತೆರಪು ಬಿಡಲು ಅವಕಾಶವಿಲ್ಲವಾದ್ದರಿಂದ 'ಬಸವನ' ಮತ್ತು 'ಬಾಗೇವಾಡಿ'ಗಳ ನಡುವೆ ಕಿರುಗೆರೆಯನ್ನು ಇಡಬೇಕು.

ಬಿಜಾಪುರವು ೨೦೧೪ರ ನವೆಂಬರ್ ೧ರಂದು ಅಧಿಕೃತವಾಗಿ ವಿಜಯಪುರವಾಯಿತು. ಹಳೆಯ ಹೆಸರನ್ನು ಹೊತ್ತ ಯಂತ್ರಗಳು ಇನ್ನೂ ಇದ್ದಲ್ಲಿ ಅದನ್ನು ಒಮ್ಮೆಗೇ ಅಳಿಸುವುದು ತರವಲ್ಲ. ಡಿಎನ್‌ಎಸ್ಸಿನಲ್ಲಿ ಒಂದು ಹೆಸರು ಮತ್ತೊಂದರ ಪರ್ಯಾಯವೆಂದು ನಮೂದಿಸಲು ಅವಕಾಶವಿದೆ. ಹಳೆಯ ಹೆಸರಿನಿಂದ ಕೇಳಿದವರಿಗೂ ಸರಿಯಾದ ಉತ್ತರವು ದೊರೆಯುತ್ತದೆ.

೩. ಪ್ರತಿಯು ಶಾಖೆಯಲ್ಲಿರಬೇಕು

ಮೂಲ ಕೋಷ್ಟಕವನ್ನು ಎಲ್ಲಿ ಇಡಬೇಕು ಎಂಬುದು ಮುಂದಿನ ಪ್ರಶ್ನೆ. ಪ್ರತಿಯೊಂದು ಶಾಖೆಗೂ ತನ್ನ ವಲಯದ ಸಂಪೂರ್ಣ ಅಧಿಕಾರವನ್ನು ವಹಿಸಿಕೊಡುವುದು ತತ್ತ್ವತಃ ಸಾಧ್ಯ. ಆದರೆ ಶಾಖೆಗಳಲ್ಲಿ ತಜ್ಞರಿರುವುದು ವಿರಳ. ಒಂದೊಂದು ಶಾಖೆಯಲ್ಲಿ ಇರುವ ಯಂತ್ರಗಳೂ ಕೆಲವೇ. ಆದುದರಿಂದ ಬರೆಯುವ ಅಧಿಕಾರವನ್ನು ವಿಜಯಪುರದ ಮೂಲ ಸರ್ವರಿನಲ್ಲಿ ಉಳಿಸಿ, ಓದುವ ಪ್ರತಿಯನ್ನು ನಾಲ್ಕೂ ಶಾಖೆಗಳಲ್ಲಿ ಇಡುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ. ಮೂಲದಲ್ಲಿ ಬದಲಾವಣೆಯಾದಾಗ ಸೂಚನೆಯು ಶಾಖೆಗಳಿಗೆ ಹೋಗುತ್ತದೆ. ಅವು ಹೊಸ ಪ್ರತಿಯನ್ನು ತಾವಾಗಿಯೇ ತರಿಸಿಕೊಳ್ಳುತ್ತವೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬೈಂಡ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಬ್ಯಾಟರಿಯ ಆಸರೆಯುಳ್ಳ ಒಂದು ಚಿಕ್ಕ ಕಂಪ್ಯೂಟರು ಅದಕ್ಕೆ ಸಾಕು.

ಸರ್ವರುಗಳಿಗೂ ಮುದ್ರಣಯಂತ್ರಗಳಿಗೂ ಸ್ಥಿರ ವಿಳಾಸಗಳನ್ನು ಕೊಟ್ಟು ಮೂಲದಲ್ಲಿ ನಮೂದಿಸಬೇಕು. ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯೂ ಶಾಖೆಯಲ್ಲಿಯೇ ಇರಬೇಕು. ಅದು ಗುಮಾಸ್ತರ ಯಂತ್ರಗಳಿಗೆ ಮೊದಲ ನೇಮ್‌ಸರ್ವರೆಂದು ಶಾಖೆಯದನ್ನೂ ಎರಡನೆಯದೆಂದು ವಿಜಯಪುರದ್ದನ್ನೂ ತಿಳಿಸಬೇಕು.

೪. ಕಾಲಾವಧಿಗಳ ವಿಚಾರ

ಪ್ರತಿಯನ್ನು ಇಟ್ಟಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರತಿಯೊಂದು ವಲಯದ ಆರಂಭದ ದಾಖಲೆಯಲ್ಲಿ ಕೆಲವು ಕಾಲಾವಧಿಗಳು ಸೆಕೆಂಡುಗಳಲ್ಲಿ ನಮೂದಾಗಿರುತ್ತವೆ. ಶಾಖೆಯು ಎಷ್ಟು ಹೊತ್ತಿಗೊಮ್ಮೆ ಮೂಲವನ್ನು ವಿಚಾರಿಸಬೇಕು ಎಂಬುದು ಒಂದು. ಇದಕ್ಕೆ ೩೬೦೦, ಅಂದರೆ ಒಂದು ಗಂಟೆ, ಸಾಕು. ಉತ್ತರ ಬಾರದಿದ್ದರೆ ಮತ್ತೆ ಯಾವಾಗ ಯತ್ನಿಸಬೇಕು ಎಂಬುದು ಇನ್ನೊಂದು, ೬೦೦ ಸಾಕು. ಮೂಲವು ಎಷ್ಟು ಕಾಲ ಸಿಗದೆ ಹೋದರೆ ಶಾಖೆಯು ತನ್ನ ಪ್ರತಿಯನ್ನು ಹಳತೆಂದು ಪರಿಗಣಿಸಿ ಉತ್ತರ ಕೊಡುವುದನ್ನೇ ನಿಲ್ಲಿಸಬೇಕು ಎಂಬುದು ಮೂರನೆಯದು. ಎಲ್ಲಕ್ಕಿಂತ ಮುಖ್ಯವಾದುದು ಇದು. ಇಲ್ಲಿ ೮೬೪೦೦, ಅಂದರೆ ಒಂದೇ ದಿನವನ್ನು ಬರೆದರೆ, ಶನಿವಾರ ಮುಂಜಾನೆ ತುಂಡಾದ ತಂತಿಯು ಸೋಮವಾರದ ಹೊತ್ತಿಗೆ ಶಾಖೆಯನ್ನು ಮೂಕವಾಗಿಸುತ್ತದೆ, ಪ್ರತಿಯಿದ್ದೂ ಪ್ರಯೋಜನವಾಗದು. ೨೪೧೯೨೦೦, ಅಂದರೆ ನಾಲ್ಕು ವಾರಗಳನ್ನು ಇಡಬೇಕೆಂದು ನಮ್ಮ ಸಲಹೆ.

ಪ್ರತಿಗೊಂದು ಕ್ರಮಸಂಖ್ಯೆಯೂ ಇರುತ್ತದೆ. ಮೂಲವನ್ನು ತಿದ್ದಿದಾಗ ಅದನ್ನು ಹೆಚ್ಚಿಸಲು ಮರೆತರೆ, ಬದಲಾವಣೆಯೇ ಆಗಿಲ್ಲವೆಂದು ಶಾಖೆಗಳು ತಿಳಿಯುತ್ತವೆ. ವರ್ಷ, ತಿಂಗಳು, ದಿನ ಮತ್ತು ಆ ದಿನದ ತಿದ್ದುಪಡಿಯ ಸಂಖ್ಯೆಯನ್ನು ಕೂಡಿಸಿ ಬರೆಯುವ ಪದ್ಧತಿಯು ಉತ್ತಮ. ಸರ್ವರಿನ ವಿಳಾಸವನ್ನು ಬದಲಿಸಬೇಕಾದಾಗ, ಉತ್ತರಗಳನ್ನು ನೆನಪಿಡುವ ಅವಧಿಯನ್ನು ಮುಂಚಿತವಾಗಿಯೇ ತಗ್ಗಿಸಬೇಕು. ಅದು ಒಂದು ದಿನವಿದ್ದರೆ ಒಂದು ದಿನ ಮೊದಲೇ ೩೦೦ ಸೆಕೆಂಡುಗಳಿಗೆ ಇಳಿಸಬೇಕು.

೫. ಸಾಮಾನ್ಯ ದೋಷಗಳು

ಮೊದಲನೆಯ ದೋಷವು ಸದುದ್ದೇಶದಿಂದಲೇ ಹುಟ್ಟುವಂಥದು. 'ಒಂದು ಇಲ್ಲದಿದ್ದರೆ ಇನ್ನೊಂದು ಇರಲಿ' ಎಂದು ಎರಡನೆಯ ನೇಮ್‌ಸರ್ವರಾಗಿ ಹೊರಗಿನ ಸಾರ್ವಜನಿಕ ಸೇವೆಯೊಂದನ್ನು ನಮೂದಿಸುವವರಿದ್ದಾರೆ. ಆ ಸೇವೆಗೆ ನಮ್ಮ ಒಳಹೆಸರುಗಳು ತಿಳಿಯವು. 'ಅಂತಹ ಹೆಸರೇ ಇಲ್ಲ' ಎಂದು ಅದು ಖಚಿತವಾಗಿ ಉತ್ತರಿಸುತ್ತದೆ. ಯಂತ್ರವು ಆ ಉತ್ತರವನ್ನು ನಂಬುತ್ತದೆ, ಬೇರೆಯವರನ್ನು ಕೇಳುವುದಿಲ್ಲ. ಕೆಲಸವು ಒಮ್ಮೆ ನಡೆದು ಒಮ್ಮೆ ನಿಲ್ಲುವ, ಕಾರಣವೇ ಹೊಳೆಯದ ತೊಂದರೆಗಳಲ್ಲಿ ಹಲವು ಇದರಿಂದ ಆದವು.

ಎರಡನೆಯದು ರಕ್ಷಣಾಗೋಡೆಯ ವಿಷಯ. ಡಿಎನ್‌ಎಸ್ ೫೩ನೆಯ ಪೋರ್ಟನ್ನು ಬಳಸುತ್ತದೆ. ಸಾಮಾನ್ಯ ಪ್ರಶ್ನೋತ್ತರವು ಯುಡಿಪಿಯಲ್ಲಿ ನಡೆಯುವುದರಿಂದ ಅದನ್ನು ಮಾತ್ರ ತೆರೆದು ಟಿಸಿಪಿಯನ್ನು ಮುಚ್ಚಿಬಿಡುತ್ತಾರೆ. ವಲಯದ ಪೂರ್ಣ ಪ್ರತಿಯೂ ದೊಡ್ಡ ಉತ್ತರಗಳೂ ಟಿಸಿಪಿಯ ಮೂಲಕವೇ ಬರುವುದರಿಂದ ಎರಡೂ ತೆರೆದಿರಬೇಕು. ಮೂರನೆಯದು, ವಲಯದ ಪ್ರತಿಯನ್ನು ಕೇಳಿದವರಿಗೆಲ್ಲ ಕೊಡುವುದು. ಅದು ಸಂಸ್ಥೆಯ ಯಂತ್ರಗಳ ಪಟ್ಟಿಯನ್ನೇ ಪರರ ಕೈಗಿತ್ತಂತೆ. ನಾಲ್ಕು ಶಾಖೆಗಳ ಸರ್ವರುಗಳಿಗೆ ಮಾತ್ರ, ಅದೂ ಗುಪ್ತ ಕೀಲಿಯ ಪರಿಶೀಲನೆಯೊಡನೆ, ಪ್ರತಿಯು ದೊರೆಯಬೇಕು.

ಉಪಸಂಹಾರ

ಈ ವ್ಯವಸ್ಥೆಗೂ ಒಂದು ಮಿತಿಯುಂಟು. ತಂತಿ ತುಂಡಾದಾಗ ಜಿಲ್ಲಾ ಕೇಂದ್ರದಲ್ಲೋ ಬೆಂಗಳೂರಿನಲ್ಲೋ ಇರುವ ದಾಖಲೆಗಳನ್ನು ನೇಮ್‌ಸರ್ವರು ತಂದುಕೊಡಲಾರದು. ಪಹಣಿಯ ಮಾಹಿತಿಯು ದೂರದಲ್ಲಿದ್ದರೆ ಅದಕ್ಕಾಗಿ ಕಾಯಲೇಬೇಕು. ಆದರೆ ಶಾಖೆಯಲ್ಲಿಯೇ ಇರುವ ಲೆಕ್ಕಪುಸ್ತಕ, ರಸೀದಿ, ಮುದ್ರಣಯಂತ್ರಗಳು ಇದರಿಂದ ನಿಲ್ಲದೆ ನಡೆಯುತ್ತವೆ. ದೂರದ ತೊಂದರೆಯು ಹತ್ತಿರದ ಕೆಲಸವನ್ನು ಕೆಡಿಸಬಾರದು ಎಂಬುದಷ್ಟೇ ನಮ್ಮ ವಾದದ ಸಾರ.

ವ್ಯವಸ್ಥೆಯು ಸಿದ್ಧವಾಗಿದೆಯೆಂದು ಕಾಗದದ ಮೇಲೆ ಬರೆದರೆ ಸಾಲದು. ಕಚೇರಿಗೆ ಬಿಡುವಿರುವ ಒಂದು ಭಾನುವಾರ, ವಿಜಯಪುರದಿಂದ ಬರುವ ತಂತಿಯನ್ನು ಶಾಖೆಯಲ್ಲಿ ಬಿಡಿಸಿಟ್ಟು, ಗುಮಾಸ್ತನ ಯಂತ್ರದಿಂದ ಒಂದು ರಸೀದಿಯನ್ನು ಮುದ್ರಿಸಿ ನೋಡಬೇಕು. ನೆನಪಿನಲ್ಲಿ ಉಳಿದ ಉತ್ತರಗಳು ಮೋಸಗೊಳಿಸದಂತೆ ಯಂತ್ರವನ್ನು ಮೊದಲು ಒಮ್ಮೆ ಆರಿಸಿ ಹಚ್ಚಬೇಕು. ರಸೀದಿಯು ಹೊರಬಂದರೆ ಆ ಶಾಖೆಯ ಕೆಲಸ ಪೂರ್ಣವಾಯಿತೆಂದು ತಿಳಿಯಬಹುದು. ಇದೇ ಪರೀಕ್ಷೆಯನ್ನು ಉಳಿದ ಮೂರು ಶಾಖೆಗಳಲ್ಲಿಯೂ, ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ, ತಪ್ಪದೆ ನಡೆಸುವುದು ಒಳಿತು.